ಪದಕ ನಮ್ಮದು, ಡಬ್ಬಿ ನಿಮ್ಮದು

ಕಲ್ಲುಬಾವಿಪಾಳ್ಯ, ನೊಣವಿನಕೆರೆ ಅಂಚೆ,
ತಿಪಟೂರು ತಾಲ್ಲೂಕು
3 ಜುಲೈ 2024

ಚಿ. ಸೌ. ಮಂಗಳಾಗೆ, ಚಿಕ್ಕಪ್ಪನ ಮಗಳು ಎಂಬ ಒಂದೇ ಕಾರಣಕ್ಕೆ, ಆಶೀರ್ವಾದಗಳು.

ಮೊದಲೇ ಒಂದು ವಿಷಯ ಸ್ಪಷ್ಟಪಡಿಸುತ್ತೇನೆ. 1996ರಲ್ಲಿ ಮನೆ ಭಾಗವಾದ ದಿನ ಕೆಂಪಮ್ಮನ ಗುಡಿಯಲ್ಲಿ ಕರ್ಪೂರ ಆರಿಸಿ ನಾವಿಬ್ಬರೂ ಮಾತು ಬಿಟ್ಟದ್ದು ನನಗೆ ಚೆನ್ನಾಗಿ ನೆನಪಿದೆ. ಆ ಪ್ರಮಾಣ ಇವತ್ತಿಗೂ ಊರ್ಜಿತ. ಆದರೆ ಬಿಟ್ಟದ್ದು ಮಾತು, ಇದು ಪತ್ರ. ಯಾವುದಕ್ಕೂ ಇರಲಿ ಎಂದು ಪೂಜಾರಿ ಮರುಳಪ್ಪನನ್ನು ಕೇಳಿದೆ. ಅವನು ಗಡ್ಡ ಕೆರೆದುಕೊಂಡು, ‘ಬರ್ಯೋದುಕ್ಕೆ ಯಾರೂ ಕರ್ಪೂರ ಆರ್ಸಿಲ್ವಲ್ಲ, ಬರ್ಕಳಿ ಬುಡಿ’ ಎಂದ. ಹಾಗಾಗಿ ಬರೆಯುತ್ತಿದ್ದೇನೆ. ನೀನು ಫೋನ್ ಮಾಡಬೇಡ. ಮಾಡಿದರೂ ನಾನು ಎತ್ತುವುದಿಲ್ಲ.

ವಿಷಯ ಇಷ್ಟು. ಪವಿತ್ರಾ ಎಂಬ ಹುಡುಗಿ ಮೈಸೂರಿನಿಂದ ನಮ್ಮ ಮನೆ ಹುಡುಕಿಕೊಂಡು ಬಂದಿದ್ದಳು. ಮಹಾರಾಜರು ದಸರಾ ದರ್ಬಾರಿನಲ್ಲಿ ಕೊಡುತ್ತಿದ್ದ ಪ್ರಜಾಸೇವಾ ಪದಕದ ಚರಿತ್ರೆ ಬರೆಯುತ್ತಿದ್ದಾಳೆ. ನವೆಂಬರ್‌ನಲ್ಲಿ ಅಲ್ಲಿನ ಒಂದು ಮ್ಯೂಸಿಯಂನಲ್ಲಿ ಪ್ರದರ್ಶನವಂತೆ. ನಮ್ಮ ತಾತ ದುರ್ಗಯ್ಯನವರ ಪದಕವನ್ನೂ ಇಡುತ್ತಾರಂತೆ. ಪದಕ ಮತ್ತು ಅದರ ಮೂಲ ಡಬ್ಬಿ ಎರಡೂ ಇದ್ದರೆ ನಡುಮಧ್ಯದ ಗಾಜಿನ ಪೆಟ್ಟಿಗೆ ನಮಗೇ. ‘ಡಬ್ಬಿ ಎಲ್ಲಿ ಸರ್?’ ಎಂದಳು. ಭಾಗದ ಪಂಚಾಯ್ತಿಯಲ್ಲಿ ಪದಕ ದೊಡ್ಡ ಮಗನ ಕಡೆಗೆ, ಡಬ್ಬಿ ಚಿಕ್ಕ ಮಗನ ಕಡೆಗೆ ಎಂದು ತೀರ್ಮಾನವಾದದ್ದನ್ನು ಹೇಳಬೇಕಾಯಿತು. ಹುಡುಗಿ ನಗು ತಡೆದುಕೊಂಡು, ‘ಹೀಗೂ ಭಾಗ ಮಾಡ್ತಾರಾ?’ ಎಂದಳು. ‘ಇರೋದು ಒಂದೇ ಪದಕ ಆದ್ರೆ ಇನ್ನೆಂಗಮ್ಮ ಮಾಡೋದು?’ ಎಂದೆ. 

ಆದ್ದರಿಂದ ಡಬ್ಬಿಯನ್ನು ರಿಜಿಸ್ಟರ್ಡ್ ಪಾರ್ಸೆಲ್ ಮೂಲಕ ಕೂಡಲೇ ಕಳಿಸತಕ್ಕದ್ದು.

ಇತಿ,
ರಂಗರಾಜು

ತಾ.ಕ.: ಚಿಕ್ಕಗಂಗಮ್ಮತ್ತೆಗೆ ಬಲಗಿವಿ ಪೂರ್ತಿ ಹೋಗಿದೆ. ವರ್ಷವಿಡೀ ಅಟ್ಟದಲ್ಲಿ ಒಣಗಿದ ಕಾಯಿ ಇಳಿಸುವಾಗ ಈಗಲೂ ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು ಅವರೇ. ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಎಂದರೆ ಒಡೆಯುವುದಕ್ಕೆ, ಸದ್ದಿಲ್ಲದಿದ್ದರೆ ಮತ್ತೆ ಅಟ್ಟಕ್ಕೆ. ಈ ಸಲ ಚೆನ್ನಾಗಿ ಒಣಗಿದ ಕಾಯನ್ನೆಲ್ಲ ‘ಇನ್ನೂ ಆಗಿಲ್ಲ’ ಎಂದು ವಾಪಸ್ ಹತ್ತಿಸಿದರು. ಆಳುಗಳು ಇಡೀ ಅಟ್ಟವನ್ನು ಎರಡು ಸಲ ಹತ್ತಿಸಿ ಇಳಿಸಿದ ಮೇಲೆ ಗೊತ್ತಾಯಿತು, ಕೆಟ್ಟಿರುವುದು ಕಾಯಲ್ಲ ಕಿವಿ ಎಂದು. ಎಡಗಿವಿಯೂ ಇಳಿಯುತ್ತಿದೆ, ದೀಪಾವಳಿ ದಾಟುವುದು ಕಷ್ಟ ಎಂದು ತಿಪಟೂರಿನ ಡಾಕ್ಟರು ಹೇಳಿದ್ದಾರೆ. ಕಿವಿಗೆ ಹಾಕುವ ಮಿಷನ್ ತಂದುಕೊಟ್ಟೆ. ‘ಕೋಳಿಗೂಡ್ನಾಗೆ ತಲೆ ಇಟ್ಟಂಗಾಯ್ತದೆ’ ಎಂದು ತೆಂಗಿನ ಮಟ್ಟೆ ರಾಶಿಗೆ ಎಸೆದರು. ತಾತನ ಮಗಳಲ್ಲವೇ, ಅವರಿಗಿರುವುದು ಒಂದೇ ಆಸೆ. ತಾತ ಆಯುಧಪೂಜೆಯ ಸಂಜೆ ಪದಕವನ್ನು ಡಬ್ಬಿಯಲ್ಲಿಟ್ಟು ಮುಚ್ಚಿದಾಗ ‘ಟಕ್’ ಅಂತಿತ್ತಲ್ಲ, ಆ ಸದ್ದನ್ನು ಕಿವಿ ಇರುವಾಗಲೇ ಇನ್ನೊಮ್ಮೆ ಕೇಳಬೇಕಂತೆ. ಇದು ಮುಖ್ಯ ವಿಷಯವಲ್ಲ, ಸುಮ್ಮನೆ ತಿಳಿಸಿದೆ.


ಕಾರವಾರ
16 ಜುಲೈ 2024

ರಂಗರಾಜಣ್ಣನಿಗೆ, ದೊಡ್ಡಪ್ಪನ ಮಗ ಎಂಬ ಒಂದೇ ಕಾರಣಕ್ಕೆ, ನಮಸ್ಕಾರ.

‘ಕಳಿಸತಕ್ಕದ್ದು’ ಎಂಬ ಪದ ಓದಿ ನನ್ನ ಹೊಲಿಗೆ ಮಿಷನ್ನೇ ಒಂದು ಗಳಿಗೆ ನಿಂತುಹೋಯಿತು. ಇಷ್ಟು ವರ್ಷದಲ್ಲಿ ಬಂದ ನಿನ್ನ ಮೊದಲ ಪತ್ರ ತಹಶೀಲ್ದಾರರ ನೋಟಿಸಿನ ಹಾಗಿದೆ. ನನ್ನ ಯಜಮಾನರು ಓದಿ, ‘ಏನೇ, ನಿಮ್ಮಣ್ಣನಿಗೆ ಸರ್ಕಾರಿ ಕೆಲಸ ಸಿಕ್ಕಿತೇ?’ ಎಂದು ಕೇಳಿದರು.

ಪಂಚಾಯ್ತಿಯ ದಿನ ನೀನು ಆಡಿದ ಮಾತು ನೆನಪಿದೆಯೇ? ‘ಖಾಲಿ ಡಬ್ಬಿ ತಾನೇ, ತಗಂಡೋಗ್ಲಿ ಬುಡಿ’ ಎಂದಿದ್ದೆ. ನಮ್ಮಪ್ಪ ಆ ಖಾಲಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕಾರವಾರದವರೆಗೆ ಬಂದರು. ಈಗ ಮೈಸೂರಿನ ಹುಡುಗಿ ಬಂದು ಕೇಳಿದ ಮೇಲೆ ಖಾಲಿ ಡಬ್ಬಿಗೆ ಬೆಲೆ ಬಂತೇ?

ಡಬ್ಬಿ ಬಹಳ ಭದ್ರವಾದ ಜಾಗದಲ್ಲಿದೆ. ಬೇಕೆಂದಾಗ ತೆಗೆಯಲು ಬರುವಂಥದ್ದಲ್ಲ. ನೀನೇ ಪದಕ ಕಳಿಸು. ನಾನು ಅದನ್ನು ಡಬ್ಬಿಯಲ್ಲಿಟ್ಟು, ಮುಚ್ಚಿ, ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತೇನೆ. ಅತ್ತೆ ಎಷ್ಟು ಸಲ ಬೇಕಾದರೂ ಕೇಳಲಿ.

ಇತಿ,
ಮಂಗಳಾ

ತಾ.ಕ.: ಅತ್ತೆಯ ಎಡಗಿವಿಗೆ ಮೆಲ್ಲನೆಯ ಸದ್ದು ಕೇಳಿಸುತ್ತದೆಯೋ, ಜೋರಾಗಿಯೇ ಬರಬೇಕೋ? ಸುಮ್ಮನೆ ಕೇಳಿದೆ. ಅವರ ಕಾಲಿಗೆ ನನ್ನ ನಮಸ್ಕಾರ ತಿಳಿಸು. ಅವರ ಜೊತೆ ನಾನು ಮಾತು ಬಿಟ್ಟಿಲ್ಲ.


ಕಲ್ಲುಬಾವಿಪಾಳ್ಯ
30 ಜುಲೈ 2024

ಮಂಗಳಾಗೆ,

ರೆಕಾರ್ಡ್ ಮಾಡಿದ ಸದ್ದು ಬೇಡವಂತೆ. ಅತ್ತೆಯ ಉತ್ತರವನ್ನು ಅವರ ಬಾಯಿಂದಲೇ ಕೇಳು: ‘ಫೋನ್ನಾಗೆ ನಂಗೆ ಎಲ್ರೂ ಕಪ್ಪೆ ಒಟಗುಟ್ದಂಗೆ ಕೇಳುಸ್ತಾರೆ. ನಮ್ಮಪ್ಪನ್ ಡಬ್ಬಿನೂ ಕಪ್ಪೆ ಆಗೋದು ಬ್ಯಾಡ.’ ಆದ್ದರಿಂದ ಪದಕ ಮನೆ ಬಿಟ್ಟು ಬರುವ ಪ್ರಶ್ನೆಯೇ ಇಲ್ಲ. ಡಬ್ಬಿ ಭದ್ರವಾಗಿದೆ ಎಂದಿದ್ದೀಯ. ಯಾರ ಹತ್ತಿರ ಭದ್ರವಾಗಿದೆ ಎಂದು ಬರೆದಿಲ್ಲ. ಹಳೇ ಸಾಮಾನು ಕೊಳ್ಳುವವರು ಬಂದರಿನ ಊರುಗಳಲ್ಲಿ ಹೆಚ್ಚು ಎಂದು ಕೇಳಿದ್ದೇನೆ. ನನ್ನ ಅನುಮಾನ ನಿನಗೆ ಅರ್ಥವಾಗಬಹುದು.

ಪವಿತ್ರಾ ಮತ್ತೆ ಬಂದಿದ್ದಳು. ಆ ಪದಕದ ಚರಿತ್ರೆಯನ್ನು ನಮ್ಮ ಜಗಲಿಯ ಮೇಲೆ ಕೂತು ಒಂದು ತಂಬಿಗೆ ಮಜ್ಜಿಗೆ ಮುಗಿಯುವವರೆಗೆ ಹೇಳಿದಳು. ಅರಮನೆಯಲ್ಲಿ ಮೊದಲೆಲ್ಲ ಬಿರುದು, ಖಿಲ್ಲತ್ತಿನ ಉಡುಗೊರೆ ಸಿಗುತ್ತಿದ್ದುದು ದಿವಾನರಿಗೆ, ಅಮಲ್ದಾರರಿಗೆ, ಪಂಡಿತರಿಗೆ. ಅಧಿಕಾರವಿಲ್ಲದೆ, ಕತ್ತಿಯಿಲ್ಲದೆ, ಸುಮ್ಮನೆ ಊರಿಗೆ ಒಳ್ಳೆಯದು ಮಾಡಿದವನಿಗೂ ಒಂದು ಗೌರವ ಬೇಡವೇ ಎಂದು ಯಾರೋ ಮಹಾರಾಜರಿಗೆ ಹೇಳಿದರಂತೆ. ಹಾಗೆ ಹುಟ್ಟಿದ್ದು ಈ ಬೆಳ್ಳಿ ಪದಕ. ಒಂದು ಕಡೆ ಮಹಾರಾಜರ ಮುಖ, ಇನ್ನೊಂದು ಕಡೆ ಗಂಡಭೇರುಂಡ, ಅಂಚಿನಲ್ಲಿ ಪಡೆದವನ ಹೆಸರು. ದಾರಿಯಲ್ಲಿ ಛತ್ರ ಕಟ್ಟಿಸಿದ ಒಬ್ಬ ಬಳೆಗಾರನಿಗೆ, ಬಡವರ ಹೆರಿಗೆ ಮಾಡಿಸಿದ ಒಬ್ಬ ಸೂಲಗಿತ್ತಿಗೆ, ಊರಿನ ಜಗಳವನ್ನೆಲ್ಲ ಕೋರ್ಟಿಗೆ ಹೋಗದಂತೆ ತೀರಿಸಿದ ಒಬ್ಬ ಗೌಡನಿಗೆ ಕೊಟ್ಟಿದ್ದಾರಂತೆ. ಜಗಳ ತೀರಿಸಿದವನ ಮೊಮ್ಮಕ್ಕಳು ಈಗ ಆ ಪದಕಕ್ಕಾಗಿ ಕೋರ್ಟಿನಲ್ಲಿದ್ದಾರಂತೆ. ಇದನ್ನು ಹೇಳುವಾಗ ಹುಡುಗಿ ನನ್ನ ಮುಖ ನೋಡಿದ್ದು ನನಗೆ ಅಷ್ಟಾಗಿ ಹಿಡಿಸಲಿಲ್ಲ.

ನಮ್ಮ ತಾತನಿಗೆ ಏಕೆ ಕೊಟ್ಟರು ಎಂದು ಕೇಳಿದಳು. ಪ್ಲೇಗಿನ ವರ್ಷ ತಿಪಟೂರು ಸ್ಟೇಷನ್ನಿನಿಂದ ಡಾಕ್ಟರನ್ನು ಹೆಗಲ ಮೇಲೆ ಹೊತ್ತು ತಂದು ಹೋಬಳಿಯನ್ನು ಉಳಿಸಿದರು ಎಂದು ಹೇಳಿದೆ. ಅವಳು ಬರೆದುಕೊಂಡಳು.

ರಂಗರಾಜು


ಕಾರವಾರ
14 ಆಗಸ್ಟ್ 2024

ಅಣ್ಣನಿಗೆ,

ಡಬ್ಬಿ ಮಾರಿದ್ದೇನೆ ಎಂದುಕೊಂಡೆಯಾ? ಈ ಮಾತನ್ನು ಎದುರಿಗೆ ಹೇಳಿದ್ದರೆ ಕತ್ತರಿಯಲ್ಲಿ ನಿನ್ನ ಮೀಸೆ ಕತ್ತರಿಸುತ್ತಿದ್ದೆ. ಪ್ರಮಾಣ ಮಾಡಿರುವುದು ಮಾತಿಗೆ ಮಾತ್ರ, ಕತ್ತರಿಗಲ್ಲ.

ಡಾಕ್ಟರನ್ನು ಹೆಗಲ ಮೇಲೆ ಹೊತ್ತರೇ? ತಾತನಿಗೆ ಅರ್ಧ ಮೂಟೆ ಕಾಯಿ ಎತ್ತಲು ಇಬ್ಬರ ಸಹಾಯ ಬೇಕಿತ್ತು ಎಂದು ನಮ್ಮಪ್ಪ ಹೇಳುತ್ತಿದ್ದರು. ನಿಜ ಸಂಗತಿ ನಮ್ಮ ಮನೆಯಲ್ಲಿದೆ. ಡಾಕ್ಟರಿಗೇ ಜ್ವರ ಬಂದಾಗ ತಾತ ಅವರ ಕೈಯಿಂದ ಸೂಜಿ ತೆಗೆದುಕೊಂಡು ಇಡೀ ಊರಿಗೆ ತಾವೇ ಚುಚ್ಚಿದರು. ನಾನು ಹೊಲಿಗೆ ಕಲಿತದ್ದೇ ಆ ಕೈಗುಣದಿಂದ ಎಂದು ಇಲ್ಲಿ ಎಲ್ಲರಿಗೂ ಹೇಳಿದ್ದೇನೆ. ಆ ಹುಡುಗಿಗೆ ಇದನ್ನು ಬರೆದುಕೊಳ್ಳಲು ಹೇಳು.

ಇನ್ನೊಂದು. ನೀನು ಪದಕದ ಬಗ್ಗೆ ಎರಡು ಪುಟ ಬರೆದೆ, ಅದು ಈಗ ಹೇಗಿದೆ ಎಂದು ಒಂದು ಸಾಲೂ ಇಲ್ಲ. ಒಂದು ಫೋಟೋ ಕಳಿಸು. ಆಮೇಲೆ ಡಬ್ಬಿಯ ವಿಚಾರ ನೋಡೋಣ.

ಇಲ್ಲಿ ಮಳೆ ಬಿಟ್ಟಿಲ್ಲ. ಬ್ಲೌಸ್ ಹೊಲಿಸಿದವರು ಒಯ್ಯಲು ಬರುತ್ತಿಲ್ಲ. ಅಂಗಡಿಯಲ್ಲಿ ಕೂತರೆ ಅತ್ತೆ ಕಾಯಿ ಅಲ್ಲಾಡಿಸುತ್ತಿದ್ದುದೇ ಕಣ್ಣಮುಂದೆ ಬರುತ್ತದೆ.

ಮಂಗಳಾ


ಕಲ್ಲುಬಾವಿಪಾಳ್ಯ
28 ಆಗಸ್ಟ್ 2024

ಮಂಗಳಾಗೆ,

ಫೋಟೋ ಇದರ ಜೊತೆಗಿದೆ. ಅಂಗಳದಲ್ಲಿ ತೆಗೆದದ್ದು. ಬಿಸಿಲು ಜಾಸ್ತಿ ಇದ್ದುದರಿಂದ ಸ್ವಲ್ಪ ಹೊಳಪು ಬಂದಿದೆ, ಅದಕ್ಕೆ ಹೆಚ್ಚು ಗಮನ ಕೊಡಬೇಡ. ಈಗ ಡಬ್ಬಿಯ ಫೋಟೋ ಕಳಿಸುವ ಸರದಿ ನಿನ್ನದು.

ಪಾರ್ಸೆಲ್‌ನಲ್ಲಿ ಎರಡು ಗಿಟುಕು ಕೊಬ್ಬರಿ ಇಟ್ಟಿದ್ದೇನೆ, ಚಿಪ್ಪು ಒಡೆಯದೆ. ನಿಮ್ಮ ಕರಾವಳಿಯ ಹಸಿಕಾಯಿ ತಿಂದು ತಿಂದು ಬುದ್ಧಿ ನೆನೆದುಹೋಗಿರುತ್ತದೆ. ಅತ್ತೆ ಕಳಿಸು ಎಂದರು, ಕಳಿಸಿದೆ. ನನ್ನ ಕಡೆಯಿಂದ ಏನೂ ಇಲ್ಲ.

ರಂಗರಾಜು


ಕಾರವಾರ
9 ಸೆಪ್ಟೆಂಬರ್ 2024

ಅಣ್ಣನಿಗೆ,

ಫೋಟೋ ನೋಡಿದೆ. ಭೂತಗನ್ನಡಿ ಹಿಡಿದು ನೋಡಿದೆ. ಯಜಮಾನರಿಗೆ ತೋರಿಸಿದೆ. ಅವರು, ‘ಇಡ್ಲಿ ತಟ್ಟೆ ಚೆನ್ನಾಗಿದೆ, ಮಿಕ್ಕ ಮೂರು ಎಲ್ಲಿ?’ ಎಂದರು.

ಮಹಾರಾಜರ ಮೂಗು ಎಲ್ಲಿ ಅಣ್ಣ? ಮೂಗಿರಲಿ, ಮುಖವೇ ಇಲ್ಲವಲ್ಲ. ಗಂಡಭೇರುಂಡದ ಎರಡು ತಲೆಯಲ್ಲಿ ಒಂದಾದರೂ ಉಳಿಯಬೇಡವೇ? ಬಿಸಿಲು ಎಂದು ನನಗೆ ಹೇಳಬೇಡ. ನಿಜವಾದ ಪದಕವನ್ನು ಏನೋ ಮಾಡಿಕೊಂಡು, ತಿಪಟೂರಿನಲ್ಲಿ ಒಂದು ತಗಡನ್ನು ದುಂಡಗೆ ಕತ್ತರಿಸಿ ನನಗೆ ತೋರಿಸುತ್ತಿದ್ದೀಯ. ನಮ್ಮಪ್ಪ ಖಾಲಿ ಡಬ್ಬಿ ಹಿಡಿದು ಬಂದರು ಎಂದು ಇಷ್ಟು ದಿನ ಅಳುತ್ತಿದ್ದೆ. ನಿನ್ನ ಕಡೆ ಪದಕವೂ ಇಲ್ಲ ಎಂದರೆ ನಾವು ಕರ್ಪೂರ ಆರಿಸಿದ್ದು ಯಾವುದಕ್ಕೆ?

ಗಿಟುಕು ಬಂತು. ಒಡೆಯುವ ಮೊದಲು ಕಿವಿಗೆ ಹಿಡಿದು ಅಲ್ಲಾಡಿಸಿದೆ. ಗಡಗಡ ಎಂದಿತು. ಅಂಗಡಿಯಲ್ಲಿ ಗಿರಾಕಿಗಳಿದ್ದರು, ಆದರೂ ಅಳು ತಡೆಯಲಿಲ್ಲ. ಒಂದನ್ನು ತಿಂದೆವು. ಇನ್ನೊಂದನ್ನು ಒಡೆದಿಲ್ಲ, ಆಗಾಗ ಅಲ್ಲಾಡಿಸುತ್ತೇನೆ.

ಮಂಗಳಾ


ಕಲ್ಲುಬಾವಿಪಾಳ್ಯ
21 ಸೆಪ್ಟೆಂಬರ್ 2024

ಮಂಗಳಾಗೆ,

ನಿನ್ನ ಪತ್ರ ಓದಿ ಎರಡು ದಿನ ಸಿಟ್ಟಿನಲ್ಲಿದ್ದೆ. ನಿನ್ನ ಅತ್ತಿಗೆ, ‘ಇರೋದ್ ಬರೀರಿ ಅತ್ಲಾಗೆ’ ಎಂದಳು. ಬರೆಯುತ್ತೇನೆ.

ಅದು ತಗಡಲ್ಲ, ತಾತನ ಪದಕವೇ. ಪ್ರತಿ ಆಯುಧಪೂಜೆಗೆ ಅತ್ತೆ ಅದನ್ನು ಹುಣಸೆಹಣ್ಣು ಹಚ್ಚಿ, ಮಟ್ಟೆ ಸುಟ್ಟ ಬೂದಿ ಹಾಕಿ, ನಾರಿನಲ್ಲಿ ತಿಕ್ಕುತ್ತಾರೆ. ಮೊದಲು ಅವರ ಅವ್ವ ಸಿದ್ದಕ್ಕಜ್ಜಿ ತಿಕ್ಕುತ್ತಿದ್ದರು. ಮಚ್ಚು, ಕುಡುಗೋಲು, ನೇಗಿಲ ಗುಳ, ಆಮೇಲೆ ಪದಕ. ಮಚ್ಚಿಗೆ ಎಷ್ಟು ತಿಕ್ಕಿದರೋ ಮಹಾರಾಜರಿಗೂ ಅಷ್ಟೇ ತಿಕ್ಕಿದರು. ಮೊದಲು ಮೂಗು ಹೋಯಿತು, ಆಮೇಲೆ ಪೇಟ, ಆಮೇಲೆ ಹಕ್ಕಿ. ಅಂಚಿನಲ್ಲಿದ್ದ ತಾತನ ಹೆಸರು ಯಾವ ವರ್ಷ ಅಳಿಯಿತೋ ಯಾರಿಗೂ ಗೊತ್ತಿಲ್ಲ. ನಿಲ್ಲಿಸಿ ಎಂದು ಹೇಗೆ ಹೇಳಲಿ? ತಿಕ್ಕಿ ಮುಗಿಸಿ, ಬೆಳಕಿಗೆ ಹಿಡಿದು, ‘ನೋಡ್ಲಾ, ನಮ್ಮಪ್ಪ ತಂದ ದಿನ ಹಿಂಗೇ ಹೊಳೀತಿತ್ತು’ ಅನ್ನುತ್ತಾರೆ. ಆಗ ಅವರ ಮುಖವನ್ನು ನೀನು ನೋಡಬೇಕು. ಪವಿತ್ರಾಗೂ ಇದನ್ನು ದೇವರ ಮನೆಯ ಬಾಗಿಲಿನಿಂದಲೇ ತೋರಿಸಿ, ಮಡಿ ಎಂದು ಸುಳ್ಳು ಹೇಳಿ ಕಳಿಸಿದ್ದೆ.

ಈಗ ಅವಳಿಗೂ ನಿಜ ಹೇಳಿದ್ದೇನೆ. ಡಬ್ಬಿಯ ಮುಚ್ಚಳದ ಒಳಗೆ ಅರಮನೆಯ ಮುದ್ರೆ ಉಳಿದಿದ್ದರೆ ಸಾಕಂತೆ, ಸವೆದ ಪದಕವೂ ಚರಿತ್ರೆಯೇ ಅಂತೆ. ತಾತನಿಗೆ ಪದಕ ಕೊಡಲು ಅರಮನೆ ಹೇಳಿದ ಕಾರಣವನ್ನೂ ಅವಳು ಕಂಡುಹಿಡಿದಿದ್ದಾಳೆ. ‘ಸ್ವಸಂತೋಷದಿಂದ ಮೊದಲಿಗನಾಗಿ ಪ್ಲೇಗಿನ ಸೂಜಿಗೆ ತೋಳೊಡ್ಡಿದ್ದಕ್ಕೆ.’ ಹೆಗಲೂ ಇಲ್ಲ, ನಿನ್ನ ಕೈಗುಣವೂ ಇಲ್ಲ. ಇದನ್ನು ಅತ್ತೆಯ ಎಡಗಿವಿಯಲ್ಲಿ ಕೂಗಿ ಹೇಳಿದಾಗ ಅವರು ನಕ್ಕು ನಕ್ಕು ಕೆಮ್ಮಿದರು. ಆಮೇಲೆ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. ಅವರಿಗಾಗ ಏಳೆಂಟು ವರ್ಷವಂತೆ.

‘ಸ್ವಸಂತೋಸ ಎಲ್ಲಿತ್ಲಾ? ಸೂಜಿ ಡಾಕ್ಟ್ರು ಬತ್ತಾವ್ರೆ ಅಂದೇಟ್ಗೆ ಊರ್ ಗಂಡಸ್ರೆಲ್ಲ ತೋಟ ಸೇರ್ಕಂಡ್ರು. ನಮ್ಮಪ್ಪ ಅಟ್ಟ ಹತ್ತಿ ಕಾಯ್ ರಾಶಿಯೊಳ್ಗೆ ಕೂತ್ಕಂಡ. ಡಾಕ್ಟ್ರು ಪಡಸಾಲೆಲಿ ಕುಂತು ಮಜ್ಗೆ ಕುಡೀತಿದ್ರು. ಅಟ್ಟದ ಗಳ ಮುರೀತು ನೋಡು, ಕಾಯ್ ಸಮೇತ ನಮ್ಮಪ್ಪ ಅವ್ರ ಮುಂದ್ಕೇ ಬಿದ್ದ. ಏಳೋದ್ರೊಳ್ಗೆ ಚುಚ್ಚಿ ಆಗಿತ್ತು.’

ಹಾಗಾದರೆ ಅಟ್ಟದಿಂದ ಬಿದ್ದದ್ದಕ್ಕೆ ಪದಕವೇ ಎಂದು ಕೇಳಿದೆ. ನನಗೆ ನಿಜವಾಗಿಯೂ ಬೇಸರವಾಗಿತ್ತು. ಅತ್ತೆ ನಗು ನಿಲ್ಲಿಸಿದರು.

‘ಬಿದ್ದಿದ್ದುಕ್ಕೆ ಯಾರ್ ಕೊಡ್ತಾರ್ಲಾ? ತೋಳ್ ಊದ್ಕಂಡು ಜ್ವರ ಬಂದಿತ್ತು. ಅದ್ರಾಗೇ ಎದ್ದು ಅರಳಗುಪ್ಪೆ, ನೊಣವಿನಕೆರೆ ಅಂತ ಊರೂರು ನಡೆದ. ಅಂಗಿ ಬಿಚ್ಚಿ ತೋಳ್ ತೋರ್ಸೋನು. ನೋಡ್ರಪ್ಪ, ನನ್ನಂತ ಪುಕ್ಕಲನೇ ಸತ್ತಿಲ್ಲ, ನೀವ್ ಸಾಯ್ತೀರಾ ಅನ್ನೋನು. ಆಮ್ಯಾಲೇ ಜನ ಚುಚ್ಚುಸ್ಕಂಡಿದ್ದು. ಆ ವರ್ಸ ಈ ಕಡೆ ಹೆಣ ಎತ್ತೋದು ಕಮ್ಮಿ ಆಯ್ತು ಕಣಪ್ಪ.’

ಮಂಗಳಾ, ನಾನು ಜೀವಮಾನವೆಲ್ಲ ಹೆಗಲ ಮೇಲೆ ಡಾಕ್ಟರನ್ನು ಹೊತ್ತ ತಾತನನ್ನು ಹೇಳಿಕೊಂಡು ಬಂದೆ. ಈಗ ಹೆದರಿ ಅಟ್ಟ ಹತ್ತಿದ ಈ ತಾತನೇ ನನಗೆ ಹೆಚ್ಚು ಇಷ್ಟವಾಗಿದ್ದಾನೆ. ಇದನ್ನು ಹೇಳಲು ನನಗೆ ಬೇರೆ ಯಾರೂ ಇಲ್ಲ. ಆ ತಾತ ಇರುವುದು ನಿನಗೂ ನನಗೂ ಮಾತ್ರ.

ಅತ್ತೆಗೆ ಈಗ ಹತ್ತಿರ ಹೋಗಿ ಕೂಗಬೇಕು. ಕಾಯಿ ಅಲ್ಲಾಡಿಸಿದರೆ ಮಾತ್ರ ಇನ್ನೂ ಕೇಳಿಸುತ್ತದೆ. ಆಯುಧಪೂಜೆ ಅಕ್ಟೋಬರ್ ಹನ್ನೊಂದಕ್ಕೆ. ಡಬ್ಬಿ ಕಳಿಸುತ್ತೀಯಾ?

ರಂಗರಾಜು


ಕಾರವಾರ
3 ಅಕ್ಟೋಬರ್ 2024

ಅಣ್ಣ,

ಕಳಿಸುವುದಿಲ್ಲ, ತರುತ್ತೇನೆ. ಹುಬ್ಬಳ್ಳಿಯಿಂದ ರೈಲು ಹಿಡಿದು ಹತ್ತನೇ ತಾರೀಖು ಬೆಳಿಗ್ಗೆ ತಿಪಟೂರಿಗೆ ಬರುತ್ತೇನೆ. ಸ್ಟೇಷನ್ನಿಗೆ ಬರಬೇಡ. ಇಬ್ಬರೂ ಬಾಯಿ ಮುಚ್ಚಿಕೊಂಡು ನಿಂತಿದ್ದರೆ ನೋಡಿದವರು ಯಾರೋ ಹೋಗಿಬಿಟ್ಟರು ಎಂದುಕೊಳ್ಳುತ್ತಾರೆ. ನೊಣವಿನಕೆರೆ ಬಸ್ಸು ನನಗೆ ಮರೆತಿಲ್ಲ.

ತಗಡು ಎಂದದ್ದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಡ. ಡಬ್ಬಿಯ ಮುಚ್ಚಳದ ಒಳಗೆ ಅರಮನೆಯ ಮುದ್ರೆ ಚೆನ್ನಾಗಿದೆ, ಪವಿತ್ರಾಗೆ ಹೇಳು. ಮಿಕ್ಕ ವಿಷಯ ಬಂದ ಮೇಲೆ ಮಾತಾಡೋಣ. ಮಾತಾಡುವ ಹಾಗಿಲ್ಲವಲ್ಲ, ಬಂದ ಮೇಲೆ ಬರೆಯೋಣ.

ಮಂಗಳಾ


ಪಡಸಾಲೆಯಿಂದ ಅಡುಗೆಮನೆಗೆ
10 ಅಕ್ಟೋಬರ್ 2024, ಮಧ್ಯಾಹ್ನ

ಮಂಗಳಾಗೆ,

ಕ್ಷೇಮವಾಗಿ ಬಂದದ್ದು ಸಂತೋಷ. ಇಷ್ಟು ದಪ್ಪಗಾಗಿದ್ದೀಯ ಎಂದು ಪತ್ರಗಳಲ್ಲಿ ತಿಳಿಯಲಿಲ್ಲ. ಸಾರಿಗೆ ಉಪ್ಪು ಕಡಿಮೆಯಾಗಿದೆ, ನೀನು ಮಾಡಿದ್ದು ಎಂದು ಗೊತ್ತಾಯಿತು. ಡಬ್ಬಿ ಎಲ್ಲಿಟ್ಟಿದ್ದೀಯ?

ರಂಗರಾಜು


ಅಡುಗೆಮನೆಯಿಂದ ಪಡಸಾಲೆಗೆ
ಅದೇ ದಿನ

ಅಣ್ಣ,

ಉಪ್ಪು ಪಕ್ಕದಲ್ಲೇ ಇದೆ, ಹಾಕಿಕೊ. ಡಬ್ಬಿ ನಾಳೆ ಸಂಜೆ ನೋಡುವೆಯಂತೆ. ಚೀಟಿ ಕೊಡಲು ಅತ್ತಿಗೆಯನ್ನು ಓಡಾಡಿಸಬೇಡ. ‘ನಾನೇನ್ ನಿಮ್ಮಿಬ್ರಿಗೂ ಪೋಸ್ಟ್‌ಮ್ಯಾನಾ?’ ಎಂದು ಸೌಟು ಎತ್ತಿದ್ದಾರೆ.

ಒಂದು ವಿಷಯ. ಊಟಕ್ಕೆ ಕೂತಾಗ ಅತ್ತೆ ನಮ್ಮಿಬ್ಬರನ್ನೂ ನೋಡುತ್ತಿದ್ದರಲ್ಲ, ನೀನು ಎದ್ದು ಹೋದ ಮೇಲೆ ಕಣ್ಣೊರೆಸಿಕೊಂಡರು. ಏಕೆ ಎಂದು ಕೂಗಿ ಕೇಳಿದೆ. ‘ನೀವಿಬ್ರೂ ಎದ್ರುಬದ್ರು ಕುಂತು ಮಾತಾಡ್ತಿದ್ರಿ, ನಂಗೊಂದಕ್ಷರ ಕೇಳುಸ್ಲಿಲ್ಲ ಕಣವ್ವ. ಎಡ್ಗಿವೀನೂ ಹೋಯ್ತು’ ಎಂದರು. ನಾವು ಮಾತಾಡಲೇ ಇಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಮಂಗಳಾ


ಪಡಸಾಲೆಯಿಂದ ನಡುಮನೆಗೆ
11 ಅಕ್ಟೋಬರ್ 2024, ಬೆಳಿಗ್ಗೆ

ಮಂಗಳಾಗೆ,

ನೀನು ಸ್ನಾನಕ್ಕೆ ಹೋದಾಗ ನಿನ್ನ ಬ್ಯಾಗಿನಿಂದ ಡಬ್ಬಿ ತೆಗೆದು ನೋಡಿದೆ. ತಪ್ಪೋ ಸರಿಯೋ, ನೋಡಿಯಾಯಿತು.

ಒಳಗಿನ ಹಸಿರು ಮಖಮಲ್ಲು ಇಲ್ಲ. ಬರೀ ಮರ. ಮೂಲೆಯಲ್ಲಿ ಬ್ಲೌಸಿನ ಹುಕ್ಕುಗಳು ಸಿಕ್ಕವು. ಇದೇ ಏನು ನಿನ್ನ ಭದ್ರವಾದ ಜಾಗ? ಅದೂ ಹೋಗಲಿ. ಹಿತ್ತಾಳೆಯ ಕೊಂಡಿ ಎಲ್ಲಿ? ಆ ಜಾಗದಲ್ಲಿ ಒಂದು ಟಿಚ್ ಬಟನ್ ಅಂಟಿಸಿದ್ದೀಯ. ಹತ್ತು ಸಲ ಮುಚ್ಚಿದೆ. ನನ್ನ ಎರಡು ಕಿವಿಗೂ ಏನೂ ಕೇಳಲಿಲ್ಲ.

ಸಂಜೆ ಅತ್ತೆಗೆ ಏನು ಹೇಳುವುದು?

ರಂಗರಾಜು


ನಡುಮನೆಯಿಂದ ಪಡಸಾಲೆಗೆ
ಅದೇ ದಿನ

ಅಣ್ಣ,

ಕೊಂಡಿ ಮುರಿದು ಎಷ್ಟೋ ವರ್ಷವಾಯಿತು. ಮಖಮಲ್ಲನ್ನು ಜಿರಲೆ ತಿಂದವು. ಡಬ್ಬಿ ಅಂಗಡಿಯ ಗಲ್ಲಾದ ಮೇಲೇ ಇರುತ್ತಿತ್ತು, ಹುಕ್ಕು ತೆಗೆಯುವ ನೆಪದಲ್ಲಿ ದಿನವೂ ಮುಟ್ಟುತ್ತಿದ್ದೆ. ಪೆಟ್ಟಿಗೆಯ ತಳಕ್ಕೆ ಹಾಕಲು ಮನಸ್ಸಾಗಲಿಲ್ಲ. ನಿನ್ನ ಮೊದಲ ಪತ್ರ ಬಂದಾಗಿನಿಂದ ಕಾರವಾರದ ಗಡಿಯಾರ ರಿಪೇರಿಯವರಿಗೆಲ್ಲ ತೋರಿಸಿದೆ. ಅಂಥ ಕೊಂಡಿ ಈಗ ಬರುವುದಿಲ್ಲ ಎಂದರು. ಟಕ್ ಎನ್ನುವ ಬಟನ್ ಎಂದು ಅದನ್ನು ಹಾಕಿದೆ. ಅಂಗಡಿಯಲ್ಲಿ ಕೇಳಿಸಿತ್ತು, ದೇವರಾಣೆ. ಇಲ್ಲಿ ಬಂದು ಕೇಳಿಸುತ್ತಿಲ್ಲ.

ನೀನು ಪಕ್ಕದಲ್ಲಿರು. ನನ್ನೊಬ್ಬಳ ಕೈಲಿ ಆಗುವುದಿಲ್ಲ.

ಮಂಗಳಾ


ಏಣಿಯ ಕೆಳಗಿನಿಂದ ಅಟ್ಟಕ್ಕೆ
11 ಅಕ್ಟೋಬರ್ 2024, ಸಂಜೆ

ಅಣ್ಣ,

ಪೂಜೆಯ ಹೊತ್ತಿಗೆ ‘ಕಾಯಿ ನೋಡ್ಕಂಡ್ ಬತ್ತೀನಿ’ ಎಂದು ಅತ್ತಿಗೆಗೆ ಹೇಳಿ ಅಟ್ಟ ಹತ್ತಿದೆಯಂತೆ. ತಾತನ ಮೊಮ್ಮಗನೇ ಸರಿ. ಈ ಚೀಟಿಯನ್ನು ಕಾಯಿ ಕೀಳುವ ದೋಟಿಯ ತುದಿಗೆ ಸಿಕ್ಕಿಸಿ ಮೇಲೆ ಕಳಿಸುತ್ತಿದ್ದೇನೆ. ನೀನು ತಪ್ಪಿಸಿಕೊಂಡದ್ದನ್ನು ಬರೆಯುತ್ತೇನೆ, ಓದು.

ಅತ್ತೆ ಪದಕ ತಿಕ್ಕಿ ತಂದರು. ಡಬ್ಬಿಯನ್ನು ಅವರ ಮಡಿಲಲ್ಲಿಟ್ಟೆ. ಬೆರಳಾಡಿಸಿ, ‘ಮೆತ್ತಗೆ ಇತ್ತಲ್ಲ ಒಳ್ಗೆ?’ ಎಂದರು. ಪದಕ ಒಳಗಿಟ್ಟು, ಎಡಗಿವಿಯನ್ನು ಡಬ್ಬಿಗೆ ಬಗ್ಗಿಸಿ, ಮುಚ್ಚಿದರು. ಏನೂ ಇಲ್ಲ. ತೆಗೆದು ಮತ್ತೆ ಮುಚ್ಚಿದರು. ಅತ್ತಿಗೆ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡರು. ಅತ್ತೆ ನನ್ನ ಕಡೆ ನೋಡಿ, ‘ಹೋಯ್ತು ಬುಡವ್ವ, ಈ ಕಿವೀನೂ ಹೋಯ್ತು. ನಿನ್ ತಪ್ಪೇನೈತೆ’ ಎಂದರು. ಕಿವಿಯದಲ್ಲ, ಬಟನ್ನಿನದು ತಪ್ಪು ಎಂದು ಕೂಗಬೇಕೆಂದುಕೊಂಡೆ.

ಆಮೇಲೆ ಅವರು ಡಬ್ಬಿಯನ್ನು ಕೈಗೆತ್ತಿಕೊಂಡರು. ವಾಪಸ್ ಕೊಡುತ್ತಾರೆ ಎಂದುಕೊಂಡೆ. ಅವರೇನು ಯೋಚಿಸಿ ಮಾಡಲಿಲ್ಲ ಅಣ್ಣ, ಕೈ ತಾನಾಗಿಯೇ ಹೋಯಿತು. ಕಾಯಿಯನ್ನು ಹಿಡಿಯುತ್ತಾರಲ್ಲ ಹಾಗೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

ಗಡಗಡ ಎಂದಿತು. ಅಟ್ಟಕ್ಕೂ ಕೇಳಿಸಿರಬೇಕು. ಪದಕ ಸವೆದು ತೆಳ್ಳಗಾಗಿದೆ, ಒಳಗೆ ಮಖಮಲ್ಲಿಲ್ಲ, ಬರೀ ಮರಕ್ಕೆ ಬೆಳ್ಳಿ ಬಡಿಯಿತು. ನೀನು ಬಚ್ಚಿಟ್ಟದ್ದೂ ನಾನು ಬಚ್ಚಿಟ್ಟದ್ದೂ ಸೇರಿ ಬಂದ ಸದ್ದು ಅದು. ಅತ್ತೆಯ ಮುಖ ಹೇಗಾಯಿತು ಎಂದು ಬರೆಯಲು ನನಗೆ ಬರುವುದಿಲ್ಲ. ಇನ್ನೊಂದು ಸಲ ಅಲ್ಲಾಡಿಸಿದರು. ಕಣ್ಣು ಮುಚ್ಚಿ ಕೇಳಿದರು. ‘ಟಕ್ ಅಂತ ಒಂದೇ ಕಿತ ಕೇಳುಸ್ತಿತ್ತು. ಇದು ಬೇಕಂದಾಗೆಲ್ಲ ಕೇಳುಸ್ತದೆ’ ಎಂದರು. ಆಮೇಲೆ ಕಾಯಿ ಇಳಿಸುವಾಗ ಹೇಳುವ ದನಿಯಲ್ಲೇ, ‘ಆಗೈತೆ. ಇನ್ನ ಅಟ್ಟದಾಗೆ ಇಟ್ಕಬ್ಯಾಡಿ, ಮೈಸೂರ್ನೋರಿಗೆ ಕೊಡಿ. ಬಂದೋರ್ಗೆಲ್ಲ ಒಂದ್ಸಲ ಅಲ್ಲಾಡ್ಸಕ್ಕೆ ಬುಡ್ಬೇಕು ಅಂತ ಹೇಳಿ’ ಎಂದರು. ಗಾಜಿನ ಪೆಟ್ಟಿಗೆಯಲ್ಲಿಟ್ಟು ಅದು ಹೇಗೆ ಸಾಧ್ಯವೋ, ಪವಿತ್ರಾ ಯೋಚಿಸಲಿ. ತಾತ ಅಟ್ಟದಿಂದ ಬಿದ್ದದ್ದನ್ನೂ ಬರೆಸಬೇಕಂತೆ.

ಈಗ ಅವರು ಡಬ್ಬಿ ಹಿಡಿದುಕೊಂಡು ಪಡಸಾಲೆಯಲ್ಲಿ ಕೂತಿದ್ದಾರೆ. ನಿನ್ನನ್ನು ಕೇಳುತ್ತಿದ್ದಾರೆ. ‘ಅವ್ನ್ ಬರ್ಲಿ. ನೀವಿಬ್ರೂ ಮಾತಾಡಿ, ಕೇಳುಸ್ತದಾ ನೋಡನ’ ಎಂದರು. ಕರ್ಪೂರದ ವಿಷಯ ನಾನು ಕೆಂಪಮ್ಮನ ಹತ್ತಿರ ನೋಡಿಕೊಳ್ಳುತ್ತೇನೆ, ಒಂದು ಕಾಯಿ ಹೆಚ್ಚಿಗೆ ಒಡೆಯೋಣ.

ಅಟ್ಟದ ಗಳ ಹಳೆಯದು, ನೋಡಿಕೊಂಡು ಕಾಲಿಡು. ಏಣಿ ಹಿಡಿದುಕೊಂಡು ಕೆಳಗೆ ನಿಂತಿದ್ದೇನೆ. ಇದಕ್ಕೆ ಉತ್ತರ ಬರೆಯಬೇಡ.

ಮಂಗಳಾ